ಸುವರ್ಣಗಡ್ಡೆ ಹೂಬಿಟ್ಟ ವಾರ

ನನಗೆ ಚಿಕ್ಕಂದಿನಿಂದಲೂ ಹೇಸಿಗೆ ಜಾಸ್ತಿ. ಯಾರೋ ಕಚ್ಚಿ ಕುಡಿದ ಲೋಟವನ್ನು ಎರಡು ಬೆರಳಿನಲ್ಲೂ ಮುಟ್ಟಲಾರೆ. ಒಣಗದ ಬಟ್ಟೆಯ ಮುಗ್ಗಲು ವಾಸನೆಗೆ ಊಟ ಬಿಟ್ಟು ಎದ್ದವಳು ನಾನು. ಇಂಥವಳನ್ನು ತಂದು ಹೊಸನಗರದ ಬಸ್ ಸ್ಟ್ಯಾಂಡ್ ಪಕ್ಕದ ಊಟದ ಹೋಟೆಲಿಗೆ ಸೊಸೆ ಮಾಡಿದರು. ದಿನಕ್ಕೆ ನೂರು ಎಂಜಲೆಲೆ. ಹಣೆಬರಹ ಎಂದುಕೊಂಡು ಮೂಗು ಮುಚ್ಚಿಕೊಂಡೇ ಸಂಸಾರ ಮಾಡಿದೆ. ಎಂಜಲು, ಎಣ್ಣೆ ಜಿಡ್ಡು, ಚರಂಡಿ ಎಲ್ಲಕ್ಕೂ ಹೇಸಿದ್ದೇನೆ. ಆದರೆ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಒಂದೇ ಸಲ, ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮರುವರ್ಷದ ಬೇಸಿಗೆಯಲ್ಲಿ.

ಹೋಟೆಲು ಹೆಸರಿಗೆ ನನ್ನ ಗಂಡ ಸೀತಾರಾಮಪ್ಪನದು. ಕಟ್ಟಿ ನಿಲ್ಲಿಸಿದವರು ಅತ್ತೆ ಶೇಷಮ್ಮ. ಅವರ ಕೈಯ ಸುವರ್ಣಗಡ್ಡೆ ಹುಳಿಗೆ ತಾಲ್ಲೂಕು ಕಚೇರಿಯೇ ಶುಕ್ರವಾರ ನಮ್ಮಲ್ಲಿ ಎಲೆ ಹಾಕುತ್ತಿತ್ತು. ಕಾಡಿನಲ್ಲಿ ಬಿದಿರು ಹಿಂಡಿಲ ಬುಡಕ್ಕೆ ತಾನಾಗಿ ಹುಟ್ಟುವ ಗಡ್ಡೆ ಬಾಯಿಗಿಟ್ಟರೆ ಗಂಟಲು ಕೆರೆದು ಪ್ರಾಣ ಹೋಗುತ್ತದೆ. ಊಟದ ಜಾತಿಯನ್ನು ಅತ್ತೆ ಹಿತ್ತಿಲ ಗೊಬ್ಬರಗುಂಡಿಯ ಅಂಚಿಗೆ ಹಾಕುತ್ತಿದ್ದರು. ಹೋಳಿ ಹುಣ್ಣಿಮೆಗೆ ಕಣ್ಣಿರುವ ತುಂಡುಗಳನ್ನು ಬೂದಿ ಸವರಿ ನೆಡುವುದು, ದೀಪಾವಳಿ ಕಳೆದ ಮೇಲೆ ಅಗೆಯುವುದು. ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಹುಣಸೆಹುಳಿಯಲ್ಲಿ ಬೇಯಿಸುತ್ತಿದ್ದರು. ಹೆಚ್ಚುವಾಗ ಯಾರೂ 'ತುರಿಕೆ' ಎಂಬ ಮಾತು ಎತ್ತಬಾರದು, ಎತ್ತಿದರೆ ತಿಂದವರ ಬಾಯೆಲ್ಲ ತುರಿಸುತ್ತದೆ ಎಂಬುದು ಅವರ ಕಟ್ಟಪ್ಪಣೆ. ಮೂಲವ್ಯಾಧಿಯವರು ಹಿಂಬಾಗಿಲಿಗೆ ಬಂದು ಮಜ್ಜಿಗೆಯಲ್ಲಿ ಬೇಯಿಸಿದ ಗಡ್ಡೆ ಕೇಳಿ ಒಯ್ಯುತ್ತಿದ್ದರು. ಹಾಗಾಗಿ ಊರಿನಲ್ಲಿ ಯಾರು ಯಾಕೆ ಓರೆಯಾಗಿ ಕೂರುತ್ತಾರೆ ಎಂಬ ಗುಟ್ಟು ಅತ್ತೆಗೊಬ್ಬರಿಗೇ ಗೊತ್ತು.

ಅವರದು ಇನ್ನೊಂದು ಮಾತಿತ್ತು: ಗಡ್ಡೆ ನೆಲದಲ್ಲೇ ಮುದಿಯಾಗಬಾರದು, ವರ್ಷ ವರ್ಷವೂ ಅಗೆದುಬಿಡಬೇಕು. ಯಾಕೆಂದು ನಾನು ಕೇಳಲೇ ಇಲ್ಲ. ಮಂಡಿ ಹಿಡಿದು ಅತ್ತೆ ಹಿತ್ತಿಲಿಗೆ ಇಳಿಯುವುದು ನಿಂತು ಮೂರು ವರ್ಷವಾಗಿತ್ತು. ಅಡಿಗೆಮನೆ ನನ್ನ ಕೈಗೆ ಬಂತು. ಆ ಮಣ್ಣುಮೆತ್ತಿದ ಗಂಟುಗಂಟು ಗಡ್ಡೆ ಮುಟ್ಟಲು ನನಗೆ ಅಸಹ್ಯ. ಶಿವಮೊಗ್ಗದಿಂದ ಆಲೂಗಡ್ಡೆ ತರಿಸಿದೆ, ಹಿತ್ತಿಲ ಗಡ್ಡೆ ಮಣ್ಣಿನಲ್ಲೇ ಉಳಿಯಿತು.

ಆ ವರ್ಷ ಯುಗಾದಿ ಹೊತ್ತಿಗೆ ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಪಾದ ಸೀಳಿಕೊಂಡರು. ಅರಿಸಿನ, ಸೊಪ್ಪಿನ ರಸ ಹಾಕಿ ಬಟ್ಟೆ ಸುತ್ತಿ ಊಟದ ಹಜಾರದ ಪಕ್ಕದ ಕೋಣೆಯಲ್ಲಿ ಮಲಗಿಸಿದೆವು. ದಿನಾ ಪಟ್ಟಿ ಬದಲಿಸಿಕೊಳ್ಳುವವರು ಅವರೇ. ನಾನು ಬಾಗಿಲಲ್ಲಿ ಬಿಸಿನೀರು ಇಟ್ಟು ಬರುತ್ತಿದ್ದೆ, ಅಷ್ಟೆ.

ಭರಣಿ ಮಳೆ ಒಂದು ಸುತ್ತು ಬಿತ್ತು. ಮೂರನೆಯ ದಿನ ನಾತ ಶುರುವಾಯಿತು. ಎಂಥ ನಾತ ಅಂತೀರಿ! ಇಲಿ ಸತ್ತು ಉಬ್ಬಿ ಒಡೆದ ಹಾಗೆ. ಅನ್ನದ ಆವಿಯಲ್ಲೂ ಅದೇ, ಕಾಫಿಯಲ್ಲೂ ಅದೇ. ನೊಣಗಳು ಎಲ್ಲಿದ್ದವೋ ಏನೋ, ಮೊಸರಿನ ಮೇಲೆ ಬಂದು ಕೂತವು. ನಾನು ಅಟ್ಟ ಹತ್ತಿದೆ, ಮೂಟೆ ಸರಿಸಿದೆ, ಒಲೆಯ ಹಿಂದೆ ಕೋಲಾಡಿಸಿದೆ. ಸತ್ತ ಇಲಿ ಸಿಗಲಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತ ಗಣೇಶಮೂರ್ತಿ ಅರ್ಧ ಎಲೆಯಲ್ಲೇ ಎದ್ದ. ಕರ್ಚೀಫು ಮೂಗಿಗೆ ಒತ್ತಿಕೊಂಡು, "ಎಂತದ್ರೀ ಸೀತಾರಾಮಪ್ಪ ಇದು? ಹೆಣ ಕೊಳೆತಂಗೆ ನಾರ್ತದಲ್ಲ! ನಾಳೆಯಿಂದ ನಾವು ಬೇರೆ ಕಡೆ ನೋಡ್ಕೊಳ್ತೀವಿ," ಅಂದ.

ಗಂಡ ನನ್ನ ಮುಖ ನೋಡಿದರು. ಆಗ ಆ ಮಾತು ಆಡಿದವಳು ನಾನೇ. ಬೇರೆ ಯಾರ ಮೇಲೂ ಹಾಕುವುದಿಲ್ಲ.

"ಅತ್ತೆ ಕಾಲಿಂದ್ಲೇ ಬರ್ತಿರೋದು. ಒಳಗೆ ಹುಣ್ಣು ಕೊಳೆತಿರ್ಬೇಕು," ಅಂದೆ.

ಒಮ್ಮೆ ಹಾಗೆ ಅಂದುಕೊಂಡ ಮೇಲೆ ನನ್ನ ಮೂಗು ಪೂರ್ತಿ ಒಪ್ಪಿಕೊಂಡುಬಿಟ್ಟಿತು. ಕೋಣೆಯ ಹತ್ತಿರ ಹೋದರೆ ನಾತ ಜಾಸ್ತಿ, ದೂರ ಬಂದರೆ ಕಮ್ಮಿ ಅನ್ನಿಸತೊಡಗಿತು. ಅಂದು ಮಧ್ಯಾಹ್ನ ಅತ್ತೆಗೆ ಊಟ ಕೊಡಲು ಒಳಗೆ ಕಾಲಿಡಲಿಲ್ಲ. ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಕಡಗೋಲಿನಿಂದ ಒಳಗೆ ತಳ್ಳಿದೆ. ಅವರು ಏನೋ ಹೇಳಲು ಬಾಯಿ ತೆಗೆದವರು ಹಾಗೇ ಮುಚ್ಚಿಕೊಂಡರು. ಗಂಡ ಹೊರಗಿಂದಲೇ ಫಿನಾಯಿಲ್ ಎರಚಿ, ಹನ್ನೆರಡು ಊದುಬತ್ತಿ ಹಚ್ಚಿದರು. ನಾತಕ್ಕೆ ಊದುಬತ್ತಿಯೂ ಸೇರಿ ಇನ್ನೂ ವಾಕರಿಕೆ ಬರುವಂತಾಯಿತು.

ಎರಡು ದಿನ ಹೋಟೆಲು ಖಾಲಿ. ಅತ್ತೆಯನ್ನು ಕಾರ್ಗಲ್ಲಿನಲ್ಲಿದ್ದ ನಾದಿನಿ ಯಮುನಳ ಮನೆಗೆ ಸಾಗಿಸುವುದೆಂದು ತೀರ್ಮಾನವಾಯಿತು. ನಾದಿನಿಯ ಗಂಡ ವಿದ್ಯುತ್ ಯೋಜನೆಯಲ್ಲಿ ಫಿಟ್ಟರ್, ಕಾಲೊನಿಯಲ್ಲಿ ಕ್ವಾರ್ಟರ್ಸ್ ಕೊಟ್ಟಿದ್ದರು.

"ಅಲ್ಲಿ ಒಳ್ಳೇ ಡಾಕ್ಟ್ರು ಇದಾರೆ ಅವ್ವ," ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿದರು.

"ಮತ್ತೆ ನನ್ನ ಮನೆಗೆ ಯಾವಾಗ ಬರೋದು?" ಅತ್ತೆ ಕೇಳಿದ್ದು ಅದೊಂದೇ.

"ಮಳೆಗಾಲ ಕಳೀಲಿ, ನೋಡಾಣ."

ಆ 'ನೋಡಾಣ'ದ ಅರ್ಥ ಮೂವರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮಗ ಡ್ರೈವರ್ ಪಕ್ಕ ಹೋಗಿ ಕೂತರು.

ಮಾರನೆಯ ಬೆಳಿಗ್ಗೆ ನಾತ ಇಲ್ಲ! ಕೈಯಲ್ಲಿ ಎತ್ತಿ ತೆಗೆದ ಹಾಗೆ ಹೋಗಿತ್ತು. "ನೋಡಿದ್ರಾ, ನಾ ಹೇಳ್ಲಿಲ್ವಾ?" ಎಂದು ಹೆಮ್ಮೆಯಿಂದ ಅಂದೆ. ಅತ್ತೆಯ ಹಾಸಿಗೆ ಸುಟ್ಟೆ, ಕೋಣೆಯನ್ನು ಸಗಣಿ ಹಾಕಿ ಎರಡು ಸಲ ಸಾರಿಸಿದೆ. ಗಂಡ ಅಲ್ಲಿ ಅಕ್ಕಿ ಮೂಟೆ ಪೇರಿಸಿದರು. ಗಣೇಶಮೂರ್ತಿ ಬಂದು ಎರಡು ಸಲ ಅನ್ನ ಹಾಕಿಸಿಕೊಂಡು ತೇಗಿದ. ಆ ತೇಗು ಕೇಳಿ ನನಗೆ ಸಂತೋಷವಾಯಿತು. ಅದನ್ನು ಈಗ ಹೇಳಲು ನಾಚಿಕೆ.

ಐದನೆಯ ದಿನ ನಾತ ಮತ್ತೆ ಬಂತು. ಮೊದಲಿಗಿಂತ ಜೋರು.

"ಗೋಡೆಗೆ ಹಿಡಿದಿರ್ಬೇಕು, ಸುಣ್ಣ ಹೊಡೆಸ್ತೀನಿ," ಅಂದರು ಗಂಡ. ನಾನು ಎಂಜಲೆಲೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಸಾಮಾನ್ಯವಾಗಿ ನಾನು ಎಲೆಗಳನ್ನು ಉಸಿರು ಹಿಡಿದು ದೂರದಿಂದಲೇ ಎಸೆದು ಓಡಿಬರುವವಳು. ಅಂದು ಗುಂಡಿಯ ಆಚೆ ಅಂಚಿನಲ್ಲಿ ನೊಣಗಳ ಗುಂಪು ಕಂಡಿತು. ಸೆರಗು ಮೂಗಿಗೆ ಒತ್ತಿಕೊಂಡು ಸುತ್ತಿ ಹೋದೆ.

ಎಲೆಯಿಲ್ಲ, ಕಾಂಡವಿಲ್ಲ. ಬರಿಯ ನೆಲದಿಂದ ಒಂದು ಹೂವು ಎದ್ದಿತ್ತು, ಮೊರದಗಲ. ಹೆಪ್ಪುಗಟ್ಟಿದ ರಕ್ತದ ಬಣ್ಣ, ಅಂಚೆಲ್ಲ ಸುಕ್ಕುಸುಕ್ಕು. ನಡುವೆ ಊದಿದ ಮಾಂಸದ ಮುದ್ದೆಯಂಥದು. ಅದರ ಮೇಲೆ ಕಪ್ಪಗೆ ನೊಣ. ಪಕ್ಕದಲ್ಲೇ ಇನ್ನೊಂದು, ಎಂಟು-ಹತ್ತು ದಿನದ ಹಿಂದೆ ಅರಳಿದ್ದು, ಕುಸಿದು ಲೋಳೆಯಾಗಿ ಬಿದ್ದಿತ್ತು. ಅದಕ್ಕೀಗ ನಾತವೂ ಇರಲಿಲ್ಲ. ಮೂರು ವರ್ಷ ಅಗೆಯದೆ ಬಿಟ್ಟ ಗಡ್ಡೆಗಳು ಮುದಿಯಾಗಿ ಹೂಬಿಟ್ಟಿದ್ದವು. ನಾನು ಅಲ್ಲೇ ಕೂತು ವಾಂತಿ ಮಾಡಿದೆ. ಅದು ಹೂವಿನ ನಾತಕ್ಕಲ್ಲ.

ಗಂಡನನ್ನು ಕರೆದು ತೋರಿಸಿದೆ. ಅವರು ಒಂದು ಸಲ ಬಗ್ಗಿ ನೋಡಿದರು. ಆಮೇಲೆ ಗುದ್ದಲಿ ತಂದು ಅದನ್ನು ಕಡಿದು ಗುಂಡಿಗೆ ತಳ್ಳಿ, "ಹೋಗ್ಲಿ ಬಿಡು. ಯಾರ ಹತ್ರನೂ ಹೇಳಕ್ಕೆ ಹೋಗ್ಬೇಡ. ಮೂಟೆ ಬೇರೆ ಪೇರಿಸಿ ಆಗಿದೆ," ಅಂದರು.

ಹೆತ್ತ ತಾಯಿಯ ವಿಷಯಕ್ಕೆ ಇಷ್ಟೇನಾ? ಥೂ ಅನ್ನಿಸಿತು. ಆದರೆ ಥೂ ಅನ್ನಲು ನನಗೆ ಯಾವ ಮುಖವಿತ್ತು? ಮಾರನೆಯ ದಿನ ಮೊದಲ ಬಸ್ಸಿಗೆ ಸಾಗರಕ್ಕೆ ಹೋಗಿ, ಅಲ್ಲಿಂದ ಕಾರ್ಗಲ್ ಬಸ್ಸು ಹತ್ತಿದೆ.

ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಅತ್ತೆ ಬೀನ್ಸು ಸೋಸುತ್ತ ಕೂತಿದ್ದರು. ನಾನು ಕಾಲ ಬಳಿ ಕುಸಿದು ಎಲ್ಲ ಹೇಳಿದೆ. ಅವರು ಸೋಸುವುದನ್ನು ನಿಲ್ಲಿಸಲಿಲ್ಲ.

"ಗಡ್ಡೆ ಹೂವು ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಾಯ್ತು ಮೀನಾಕ್ಷಿ. ಆ ನಾತ ನಂಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಾಣ ಅಂತ್ಲೇ ಬಾಯಿ ತೆಗ್ದೆ. ಅಷ್ಟೊತ್ತಿಗೆ ನೀನು ಕೋಲಲ್ಲಿ ಅನ್ನ ತಳ್ಳಿದೆ. ಆಮೇಲೆ ಸುಮ್ನೆ ಕಾದೆ. ನನ್ನ ಮಗನೋ ಸೊಸೆನೋ, ಒಬ್ರಾದ್ರೂ ಒಳಗೆ ಬಂದು ಪಟ್ಟಿ ಬಿಚ್ಚಿ ನೋಡ್ತಾರಾ ಅಂತ. ಪಟ್ಟಿ ಬರೀ ಎಳೇ ಚರ್ಮ ಕಾಯಕ್ಕೆ ಸುತ್ತಿದ್ದು, ಗಾಯ ಮಾಗಿ ಅವತ್ತಿಗೇ ಎಂಟು ದಿನ ಆಗಿತ್ತು."

ಸೀರೆ ಸರಿಸಿ ಪಾದ ಚಾಚಿದರು. ಎಳೆಯ ಚರ್ಮ ಬಂದು ನುಣ್ಣಗಾಗಿದ್ದ ಒಂದು ಗೆರೆ, ಅಷ್ಟೆ. ಅರಿಸಿನ, ಕೊಬ್ಬರಿ ಎಣ್ಣೆಯ ವಾಸನೆ. ನಾನು ಆ ಪಾದ ಹಿಡಿದುಕೊಂಡು ಅಳತೊಡಗಿದೆ.

"ಮನೆಗೆ ಬನ್ನಿ ಅತ್ತೆ. ಇವತ್ತೇ ಹೋಗಾಣ."

"ನನ್ನ ಕೋಣೇಲಿ ಈಗ ಎಂತ ಇಟ್ಟಿದೀರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಕ್ಕಿ ಮೂಟೆ."

"ಅಲ್ಲೇ ಇರ್ಲಿ ಬಿಡು," ಅಂದರು ಅತ್ತೆ, ಮೆಲ್ಲಗೆ ಪಾದ ಬಿಡಿಸಿಕೊಳ್ಳುತ್ತ. "ಅದನ್ನಾದ್ರೆ ದಿನಾ ಮುಟ್ತೀರಿ."