ಬಿಳಿ ಗೆರೆಯ ಒಳಗೆ

ಶವವಿದ್ದ ಜನಾಜ ಹೆಗಲಿಗೇರುತ್ತಿದ್ದಂತೆ ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ್ದ ಹೆಣ್ಣುಕುದುರೆ ಕಿರುಚಿತು. ಹೊತ್ತವರ ಕಾಲುಗಳು ಅರೆಗಳಿಗೆ ನಿಂತವು. ಬಾಗಿಲಿಗೆ ಇವತ್ತೇ ಕಟ್ಟಿದ ಪರದೆಯ ಹಿಂದೆ ಖಾತೂನ್‌ಬೀ ಹಿತ್ತಲಿನತ್ತ ತಿರುಗಿದಳು. ನಿನ್ನೆ ಲಾಳ ಕಟ್ಟುವಾಗ ಗಂಡನ ಎದೆಗೆ ಒದ್ದ ಕುದುರೆ ಅದು. ರಾತ್ರಿಯೇ ಆ ನಾಲಬಂದ ಲಾಲ್‌ಸಾಬ್ ಕಣ್ಣು ಮುಚ್ಚಿದ. ಕುದುರೆ ಆಗಿನಿಂದ ಎಡ ಹಿಂಗಾಲು ನೆಲಕ್ಕೆ ಊರದೆ ಅಲ್ಲೇ ನಿಂತಿತ್ತು. ಒದ್ದಾಗ ಗೋಡೆಗೆ ಬಡಿದಿರಬೇಕು ಎಂದು ಜನ ಅಂದುಕೊಂಡರು.

"ಮಯ್ಯತ್ತು ಹೊಂಟರೂ ಅದರ ಸೊಕ್ಕು ಇಳಿವಲ್ದು ನೋಡ್ರಿ," ಎಂದರು ಶಿವಶರಣಪ್ಪ. ಮಸ್ಕಿಯ ಗೌಡರು, ದೊಡ್ಡ ಹೊಲಮನೆಯವರು, ಹಂದಿ ಹೊಡೆಯುವ ಬಂದೂಕು ಇಟ್ಟವರು. ಅವರ ಮಾತಿಗೆ ಓಣಿಯಲ್ಲಿ ಎದುರು ಮಾತಿಲ್ಲ. "ಮನಿಷಾನ ಜೀವ ತಗೊಂಡ ಕುದುರಿ ಒಂದಕ್ಕ ನಿಲ್ಲಂಗಿಲ್ಲ. ಮಣ್ಣು ಕೊಟ್ಟು ಬಂದು ಹಳ್ಳಕ್ಕ ಒಯ್ದು ಮುಗಿಸಿಬಿಡೂನು. ಏನಂತೀ ಅಂಬಪ್ಪಾ?"

ಜಟಕಾ ಹೊಡೆಯುವ ಅಂಬಪ್ಪ, ಕುದುರೆಯ ಒಡೆಯ, ತಲೆ ಎತ್ತಲಿಲ್ಲ.

"ಲಾಲ್‌ಸಾಬಣ್ಣನ್ನ ತಿಂದಾಕೀನ ಉಳಸ್ರಿ ಅಂತ ನಾ ಯಾವ ಬಾಯಿಲೆ ಕೇಳ್ಲಿ? ಆದ್ರ ಮರಿ ಇದ್ದಾಗಿಂದ ಸಾಕೀನ್ರಿ ಗೌಡ್ರ. ಒಂದು ಕೂಸಿಗೂ ಕಾಲು ಎತ್ತಿಲ್ಲ. ನನ್ನ ಮನಿ ಒಲಿ ಉರಿಯೂದ ಅದರಿಂದ."

ಹೊತ್ತವರು ಹೆಗಲು ಬದಲಿಸಿದರು. ಜನಾಜ ಮುಂದೆ ಸಾಗಿತು.

* * *

ಮದುವೆಯಾದ ಹೊಸದರಲ್ಲಿ ಲಾಲ್‌ಸಾಬ್ ಒಂದು ಗೊರಸನ್ನು ಅವಳ ಮುಂದೆ ಎತ್ತಿ ಹಿಡಿದಿದ್ದ.

"ನೋಡಬೇ, ಸುತ್ತಲಿನ ಈ ಗೋಡಿ ನಮ್ಮ ಉಗುರಿದ್ದಂಗ, ಸತ್ತದ್ದು. ಮೊಳಿ ಹೊಡದ್ರೂ ಕುದುರಿಗೆ ಗೊತ್ತಾಗಂಗಿಲ್ಲ. ಜೀವ ಇರೂದು ಒಳಗ. ನಡುವ ಈ ಬಿಳಿ ಗೆರಿ ಐತಲ್ಲ, ಇದನ್ನ ದಾಟಿದವ ನಾಲಬಂದ ಅಲ್ಲ, ಕಟುಗ."

ರಜಾಕಾರರ ಗದ್ದಲ ಅಡಗಿದ ಮೇಲೆ ಅವನ ಕಣ್ಣಿಗೆ ಪೊರೆ ಬಂತು. ಗಂಡಹೆಂಡಿರ ಹೊರತು ಮೂರನೆಯವರಿಗೆ ಅದು ತಿಳಿಯಲಿಲ್ಲ. ಕುದುರೆಯ ಕಾಲು ಹಿಡಿಯುವ ನೆವ ಮಾಡಿ ಅವಳು ಗೆರೆಯ ಮೇಲೆ ತನ್ನ ಬೆರಳಿಡುತ್ತಿದ್ದಳು. ಅವನು ಆ ಬೆರಳು ಸವರಿ ಅದರ ಹೊರಗೆ ಮೊಳೆ ಇಡುತ್ತಿದ್ದ. ಉಳಿದದ್ದಕ್ಕೆ ಕಿವಿಯೇ ಗತಿ. ಸತ್ತ ಗೊರಸಿನಲ್ಲಿ ಮೊಳೆ ಟಣ್ ಎನ್ನುತ್ತದೆ, ಜೀವಕ್ಕೆ ಇಳಿದರೆ ಸದ್ದು ಮಂಕಾಗುತ್ತದೆ.

ನಿನ್ನೆ ಅವಳು ಬಟ್ಟೆ ಒಗೆಯಲು ಹೋಗಿದ್ದಳು. ಅಂಬಪ್ಪನಿಗೆ ಲಿಂಗಸುಗೂರಿನ ಸವಾರಿ ಕಾದಿತ್ತು. ಹೆಂಡತಿ ಬರುವ ತನಕ ತಡಿ ಎನ್ನಲು ಲಾಲ್‌ಸಾಬನಿಗೆ ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಅಂಬಪ್ಪ ಕುದುರೆಯ ಮುಖ ಹಿಡಿದ. ಲಾಲ್‌ಸಾಬ್ ಹಿಂಗಾಲನ್ನು ತಾನೇ ತೊಡೆಗೆ ಒತ್ತಿಕೊಂಡ. ಪಕ್ಕದ ಓಣಿಗೆ ಹೊಸದಾಗಿ ಬಂದ ಹಿಟ್ಟಿನ ಗಿರಣಿ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಮೊಳೆಯ ಸದ್ದು ಅವನಿಗೆ ಕೇಳಲೇ ಇಲ್ಲ.

* * *

ಗಂಡಸರು ಮಣ್ಣು ಕೊಡಲು ಹೋದಾಗ ಖಾತೂನ್‌ಬೀ ಇಕ್ಕಳ ಹಿಡಿದು ಹಿತ್ತಲಿಗೆ ಬಂದಳು. ಅವರು ತಿರುಗಿ ಬಂದರೆ ಅವಳು ಇದ್ದತ್ತು ಹಿಡಿದ ವಿಧವೆ, ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಎದುರು ಹೊರಬರುವಂತಿಲ್ಲ.

"ಬಾ ನನ್ನವ್ವ," ಎಂದು ಕುದುರೆಯ ಎಡ ಹಿಂಗಾಲು ಎತ್ತಿದಳು. ಕುದುರೆ ನಡುಗಿತು, ಒದೆಯಲಿಲ್ಲ. ಬೆರಳು ತಾನಾಗಿಯೇ ಬಿಳಿ ಗೆರೆ ಹುಡುಕಿತು. ಕೊನೆಯ ಮೊಳೆ ಗೆರೆಯ ಒಳಗಿತ್ತು. ಕಿತ್ತಾಗ ಅದರ ಹಿಂದೆ ಕರಿರಕ್ತ ಸುರಿಯಿತು. ಕುದುರೆ ನಿಟ್ಟುಸಿರು ಬಿಟ್ಟು ಮೆಲ್ಲಗೆ ಕಾಲು ಊರಿತು.

"ನಾ ಬರೂ ತನಕ ತಡಿಯಾಕ ಆಗ್ಲಿಲ್ಲೇನು ನಿನಗ?" ಎಂದು ಸತ್ತವನ ಮೇಲೆ ಸಿಟ್ಟು ಮಾಡಿ ಅತ್ತಳು. ಆ ಕಾಲನ್ನು ಮತ್ತೆ ಎತ್ತಿ ತೂತಿಗೆ ಎಣ್ಣೆ ಅರಿಸಿನ ತುಂಬಿದಳು. ಸಂಜೆಯೊಳಗೆ ಸಾಯುವ ಪ್ರಾಣಿಗೆ ಮದ್ದು ಯಾಕೆ ಎಂಬುದು ಆಮೇಲೆ ಹೊಳೆಯಿತು. ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಒಳಗೆ ಓಡಿದಳು.

ಅಂಬಪ್ಪ ಪರದೆಯ ಹತ್ತಿರ ಬಂದು ದನಿ ತಗ್ಗಿಸಿದ.

"ಖಾತೂನವ್ವ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅಣ್ಣನ ಕಣ್ಣು ಮಂದ ಆಗಿದ್ದೂವೇನು? ಮೊಳಿ ಒಳಗೇನರ ಹೊಕ್ಕಿತ್ತೇನು? ನೀ ಹೌದು ಅಂದ್ರ ಸಾಕು. ಗೌಡ್ರ ಕಾಲು ಬಿದ್ದು ಉಳಿಸ್ಕೊಂತೀನಿ."

ಅಂಗಳದಲ್ಲಿ ಮುದುಕ ದುರುಗಪ್ಪ ಮೂಗು ಒರೆಸಿಕೊಳ್ಳುತ್ತಿದ್ದ. "ಅವನ ಮೊಳಿ ಒಂದು ದಿನ ರಕ್ತ ಕಂಡಿಲ್ಲಪಾ. ಸಿಂಧನೂರಿಂದ ಲಿಂಗಸುಗೂರಿನ ತನಕ ಅಂಥಾ ಕೈ ಮತ್ತ ಹುಟ್ಟಂಗಿಲ್ಲ."

ಖಾತೂನ್‌ಬೀಯ ಮುಷ್ಟಿಯಲ್ಲಿ ಮೊಳೆ ಇನ್ನೂ ಹಸಿಯಾಗಿತ್ತು. ಹೌದು ಎನ್ನಲು ಪರದೆಯ ಅಂಚು ಹಿಡಿದಳು. ಈಗಷ್ಟೇ ಮಣ್ಣಿಗಿಟ್ಟವನದು ಎಂದು ಅವಳ ಬಳಿ ಉಳಿದದ್ದು ಆ ಒಳ್ಳೆಯ ಹೆಸರೊಂದೇ.

"ಇಲ್ಲ ಅಂಬಪ್ಪಣ್ಣ," ಎಂದಳು. "ಅವರ ಮೊಳಿ ತಪ್ಪಂಗಿಲ್ಲ."

ಅಂಬಪ್ಪ ಹಗ್ಗ ಬಿಚ್ಚಿದ. ಶಿವಶರಣಪ್ಪ ಬಂದೂಕು ಹೆಗಲಿಗೇರಿಸಿ ಮುಂದೆ ನಡೆದರು. ಪರದೆಯ ಸಂದಿಯಿಂದ ಖಾತೂನ್‌ಬೀ ನೋಡುತ್ತಿದ್ದಳು. ಕುದುರೆ ಒಡೆಯನ ಹೆಗಲಿಗೆ ಮೂತಿ ಉಜ್ಜುತ್ತ, ಕುಂಟದೆ ಹೆಜ್ಜೆ ಹಾಕಿತು.

ಓಣಿಯ ತಿರುವಿನಲ್ಲಿ ಅದು ಕುಂಟುತ್ತಿಲ್ಲವೆಂದು ಕಂಡು ಅಂಬಪ್ಪ ಗಕ್ಕನೆ ನಿಂತ. ಬಾಗಿ ಅದರ ಎಡ ಹಿಂಗಾಲು ಎತ್ತಿದ. ಗೊರಸಿನ ತಳ ಅರಿಸಿನದಿಂದ ಹಳದಿಯಾಗಿತ್ತು, ಕೊನೆಯ ಮೊಳೆ ಇರಲಿಲ್ಲ. ಅವನು ತಿರುಗಿ ಪರದೆಯತ್ತ ನೋಡಿದ.

ಆಮೇಲೆ ಕಾಲನ್ನು ಮೆಲ್ಲಗೆ ಇಳಿಸಿ, ಅಂಗೈಗೆ ಅಂಟಿದ ಅರಿಸಿನವನ್ನು ಧೋತರಕ್ಕೆ ಒರೆಸಿಕೊಂಡು, ಕುದುರೆಯನ್ನು ಹಳ್ಳದ ಕಡೆ ನಡೆಸಿದ.