ತೋಳಕ್ಕೆ ಹಳದಿ ಅಂಗಿ

ಪರಮಪ್ರಸಾದದ ಹಬ್ಬಕ್ಕೆ ಆಡುವ ನಾಟಕವನ್ನು ಮೊದಲು ತಾನು ನೋಡಬೇಕೆಂದು ಧರ್ಮದ್ರೋಹಿಗಳನ್ನು ಹಿಡಿದು ಶಿಕ್ಷಿಸುವ ಧರ್ಮವಿಚಾರಣೆಯ ಪಾದ್ರಿ ಮೆಲ್ಚೋರ್ ಹೇಳಿಕಳಿಸಿದಾಗಲೇ ಹೆರೋನಿಮಾ ಹೆದರಿದ್ದಳು. ಅವಳದು ತೋಳದ ಪಾತ್ರ. ಕುರುಬನ ಕೋಲು ಹಿಡಿದ ತೋಳ, ಕುರಿಗಳಿಗೆ ಉಪವಾಸದ ಮಹಿಮೆ ಸಾರುತ್ತ ಒಂದೊಂದನ್ನೇ ತಿಂದು ಮುಗಿಸುತ್ತದೆ. ಬರೆದವರು ವಾಲ್ದೆಮೋರಾ ಊರಿನ ಇಗರ್ಜಿಯ ಗುರುಗಳೇ, ಬುಸ್ತಮಾಂತೆ. ತಾಲೀಮಿನಲ್ಲಿ ಅವಳು ತಮಾಷೆಗೆಂದು ಬಿಷಪ್ಪರ ಹಾಗೆ ಕುಂಟಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವರೂ ಅವರೇ. ಈ ದಿನ ಮೆಲ್ಚೋರನ ಎದುರಿಗೆ ಅವಳ ಕಾಲು ರೂಢಿಯಿಂದ ತಾನಾಗಿಯೇ ಕುಂಟಿಬಿಟ್ಟಿತು. ಯಾರೂ ನಗಲಿಲ್ಲ.

ಆಟ ಮುಗಿದ ಮೇಲೆ ಮೆಲ್ಚೋರ್ ಅವಳೊಬ್ಬಳನ್ನೇ ಇಗರ್ಜಿಯ ಒಳಕೋಣೆಗೆ ಕರೆಸಿ ಕುಡಿಯಲು ನೀರು ಕೊಟ್ಟ. ಆ ಮೃದುತನಕ್ಕೇ ಅವಳು ಇನ್ನಷ್ಟು ಹೆದರಿದಳು.

“ಕೂತ್ಕೊ ಮಗಳೇ. ಚೆನ್ನಾಗಿ ಆಡ್ತೀಯ. ಆ ತೋಳ ಯಾರು?”

ಬಿಷಪ್ಪರು ಎಂದುಬಿಟ್ಟರೆ ಬುಸ್ತಮಾಂತೆಗೆ ಸೆರೆಮನೆ. ಯಾರೂ ಅಲ್ಲ ಅಂದರೆ ಸುಳ್ಳು. ಸುಳ್ಳನ್ನು ಹೊರಗೆಳೆಯಲು ಇವರ ಬಳಿ ಕೈ ಬಿಗಿಯುವ ಹಗ್ಗವಿತ್ತು, ಮೇಲಕ್ಕೆ ಎಳೆದು ತೂಗಿಸುವ ರಾಟೆಯಿತ್ತು.

“ನಾನೇ ಸ್ವಾಮಿ. ಶುಕ್ರವಾರ ಉಪವಾಸ ಅಂತೀನಿ, ಅವತ್ತೇ ಪಕ್ಕದ್ಮನೆಯೋರ ಮಾನ ತಿಂದು ಮುಗಿಸ್ತೀನಿ.”

“ಮತ್ತೆ ಕುಂಟೋದು?”

ಅವಳು ಒಂದು ಗುಟುಕು ನೀರು ಕುಡಿದಳು. “ಬೋನಿಗೆ ಸಿಕ್ಕಿದ ಕಾಲು, ಸ್ವಾಮಿ.”

“ಯಾವ ಬೋನು?”

“ಪಾಪದ್ದು.”

ಮೆಲ್ಚೋರ್ ನಕ್ಕ. “ಜಾಣೆ. ಹಬ್ಬದ ದಿನ ಕುಂಟೋದು ಬೇಡ. ತೋಳಕ್ಕೊಂದು ಹಳದಿ ಅಂಗಿ ತೊಡಿಸಿ. ತೋಳಗಳು ಯಾವ ಕುಲದಿಂದ ಬರ್ತಾವೆ ಅಂತ ಜನಕ್ಕೆ ತಿಳೀಲಿ.”

ಗುಟ್ಟಾಗಿ ಯೆಹೂದ್ಯರ ಆಚಾರ ನಡೆಸಿ ಸಿಕ್ಕಿಬಿದ್ದವರಿಗೆ ತೊಡಿಸುವ ಅಂಗಿ ಅದು. ಹೆರೋನಿಮಾಳ ತಾಯಿಯ ತಂದೆ ಅದನ್ನು ತೊಟ್ಟು ಬೀದಿಯಲ್ಲಿ ನಡೆದಿದ್ದ. ದೂರದ ಊರಿನ ಇಗರ್ಜಿಯ ಗೋಡೆಯಲ್ಲಿ ಅದಿನ್ನೂ ಅವನ ಹೆಸರಿನೊಡನೆ ತೂಗುತ್ತಿತ್ತು. ಅದರಿಂದಲೇ ತಾಯಿ ಮನೆಹೆಸರು ಬದಲಿಸಿ ಇಲ್ಲಿಗೆ ಬಂದದ್ದು. ಇದು ಮೆಲ್ಚೋರನಿಗೆ ಗೊತ್ತೋ ಇಲ್ಲವೋ, ಅವನ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಮೆಲ್ಚೋರನ ಅಪ್ಪಣೆಯನ್ನು ಹೊರಗೆ ಅವಳಿಂದ ಕೇಳಿ ಬುಸ್ತಮಾಂತೆ ಬೆವರೊರೆಸಿಕೊಂಡರು. “ಬದುಕ್ಕೊಂಡ್ವಿ ಕಣಮ್ಮ. ಒಂದು ಅಂಗಿ ತಾನೆ. ರೂಪಕ ಅಷ್ಟೆ.”

“ನಿಮಗೆ ರೂಪಕ. ಅದರೊಳಗೆ ಮೈ ಇಡೋದು ನಾನು,” ಎಂದಳು. ಅಜ್ಜನ ವಿಷಯ ಬಾಯಿಬಿಡಲಿಲ್ಲ. ನಾಳೆ ಹಗ್ಗ ಬಿಗಿದರೆ ಈ ಒಳ್ಳೆಯ ಮನುಷ್ಯನೂ ಹೇಳಿಬಿಡುತ್ತಾನೆ.

ಹಬ್ಬದ ದಿನ ಅಂಗಿ ತೊಟ್ಟಳು. ಅವಳು ಬಂಡಿಯ ಮೇಲೆ ಕಟ್ಟಿದ ರಂಗಕ್ಕೆ ಹತ್ತಿದ್ದೇ ತಡ, ಚೌಕದ ತುಂಬ ಕೇಕೆ. ಕಿತ್ತಳೆ ಸಿಪ್ಪೆ ಬಂದು ಕೆನ್ನೆಗೆ ಬಡಿಯಿತು. “ಸುಡ್ರೋ ಅದನ್ನ,” ಎಂದು ಯಾರೋ ನಗುತ್ತ ಕೂಗಿದರು. ಜನರ ನಡುವೆ ತಾಯಿ ಮುಸುಕು ಎಳೆದುಕೊಂಡು ನಿಂತಿದ್ದಳು. ಕೊನೆಗೆ ಕುರುಬನ ವೇಷದವನು ಕೋಲೆತ್ತಿದ, ತೋಳ ಓಡಬೇಕಿತ್ತು. ಕಾಲು ಏಳಲಿಲ್ಲ. ಎದುರಿನ ಬಲಿಪೀಠದಲ್ಲಿ, ಚಿನ್ನದ ಕಿರಣಗಳ ನಡುವೆ ಪರಮಪ್ರಸಾದ, ಪ್ರಭುವಿನ ದೇಹವೆಂದು ಪೂಜಿಸುವ ರೊಟ್ಟಿ ಇತ್ತು. ಅದಕ್ಕೆ ಮುಖಮಾಡಿ ಅವಳು ಕುಸಿದು ಮೊಣಕಾಲೂರಿದಳು. ತಾಯಿ ಕಲಿಸಿದ್ದ ಪ್ರಭುವಿನ ಪ್ರಾರ್ಥನೆ ನಡುಗುವ ದನಿಯಲ್ಲಿ ಹೊರಟಿತು.

ಎತ್ತಿದ ಕೋಲು ಎತ್ತಿದಂತೆಯೇ ಉಳಿಯಿತು. ಮುಂದಿನ ಸಾಲಿನ ಮುದುಕಿಯೊಬ್ಬಳು ಮೊಣಕಾಲೂರಿದಳು, ಆಮೇಲೆ ಅವಳ ಪಕ್ಕದವರು, ಆಮೇಲೆ ಇಡೀ ಚೌಕ. ಪ್ರಸಾದದ ಮುಂದೆ ಪ್ರಾರ್ಥನೆ ಶುರುವಾದ ಮೇಲೆ ನಿಂತೇ ಇರುವುದು ಯಾರಿಂದ ಸಾಧ್ಯ? ಮೆಲ್ಚೋರನೂ ನಿಲುವಂಗಿ ಸರಿಪಡಿಸಿಕೊಂಡು ಮೊಣಕಾಲೂರಿದ. ತುಟಿ ಪ್ರಾರ್ಥಿಸುತ್ತಿತ್ತು, ಕಣ್ಣು ಅವಳ ಮೇಲೇ ಇತ್ತು.

“ಯಾಕ್ ಹೀಗ್ಮಾಡ್ದೆ?” ಎಂದು ಬುಸ್ತಮಾಂತೆ ಬಂಡಿಯ ಹಿಂದೆ ಪಿಸುಗುಟ್ಟಿದರು.

“ಓಡೋಕಾಗ್ಲಿಲ್ಲ ಸ್ವಾಮಿ.”

ಹೊತ್ತು ಮುಳುಗುವ ಮೊದಲೇ ತಾಯಿಯನ್ನು ಕರೆದುಕೊಂಡು ಉಣ್ಣೆ ವ್ಯಾಪಾರಿಯೊಬ್ಬನ ಹೇಸರಗತ್ತೆ ಗಾಡಿಯಲ್ಲಿ ಸಮುದ್ರದ ಕಡೆಗೆ ಹೊರಟಳು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಬುಸ್ತಮಾಂತೆ ಆಮೇಲೆ ನಾಟಕ ಬರೆಯುವುದನ್ನೇ ಬಿಟ್ಟರೆಂದು ಕೇಳಿದಳು. ಕಡಲ ದಂಡೆಯ ವೇಲೆನ್ಸಿಯಾದಲ್ಲಿ ಬೇರೆ ಹೆಸರಿಟ್ಟುಕೊಂಡು ಮತ್ತೆ ಬಣ್ಣ ಹಚ್ಚಿದಳು. ಆದರೆ ರಂಗಕ್ಕೆ ಬಂದ ಕೂಡಲೇ ಎದುರಿನ ಮುಖಗಳನ್ನೆಲ್ಲ ಒಮ್ಮೆ ನೋಡಿ ಮುಗಿಸುವ ತನಕ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ.