ಗಂಗಾಂಬಿಕಾ ಬರೆದ ಟಗರು

ಆ ವರ್ಷ ಕೊಟ್ಟೂರಿನ ಸಮುದಾಯ ಭವನದಲ್ಲಿ ನಡೆದ ಚಿತ್ರಪ್ರದರ್ಶನಕ್ಕೆ ನಾನು ಕೊಟ್ಟಿದ್ದು ಬದನೆಕಾಯಿಯ ಚಿತ್ರ. ನೋಡಿದವರೆಲ್ಲ ಬಲೂನು ಅಂದರು. ಇರಲಿ, ಇದು ನನ್ನ ಬದನೆಕಾಯಿಯ ಕಥೆಯಲ್ಲ. ಆದರೂ ಹೇಳದೆ ಇರಲು ಮನಸ್ಸು ಒಪ್ಪುವುದಿಲ್ಲ.

ತೊಂಬತ್ತೆಂಟನೇ ಇಸವಿ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಪಾಲಾಕ್ಷಪ್ಪನವರು ಪ್ರತಿ ಭಾನುವಾರ ಊರವರಿಗೆ ಪುಕ್ಕಟೆಯಾಗಿ ಚಿತ್ರ ಬರೆಯಲು ಕಲಿಸುತ್ತಿದ್ದರು. ಹೊಲಿಗೆ ಅಂಗಡಿ ಮುಚ್ಚಿ ನಾನೂ ಹೋಗುತ್ತಿದ್ದೆ. “ಕಂಡದ್ದನ್ನು ಕಂಡ ಹಾಗೆ ಬರೀರಿ” ಎಂಬುದೊಂದೇ ಅವರ ಪಾಠ. ನಮ್ಮ ಚಿತ್ರ ನೋಡಿದಾಗೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಪಾಪ, ತಪ್ಪು ಕನ್ನಡಕದ್ದು ಅಂದುಕೊಂಡಿದ್ದರು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ನಮ್ಮ ಓಣಿಯ ಸೊಸೆ ಗಂಗಾಂಬಿಕಾ. ಅವಳಿಗೆ ಬಣ್ಣ ಅಂದರೆ ಪ್ರಾಣ. ಅವಳ ಅತ್ತೆ ನಾಗಲಿಂಗಮ್ಮನಿಗೆ ಬಣ್ಣ ಅಂದರೆ ಸೀರೆಗೆ ಹತ್ತುವ ಕಲೆ. ಸೊಸೆ ಆಕಳು ಬರೆದು ತೋರಿಸಿದರೆ “ಮಂಚ ಛಲೋ ಐತಿ” ಅನ್ನುವ ಹೆಂಗಸು. ಪ್ರದರ್ಶನದ ಸುದ್ದಿ ಕಿವಿಗೆ ಬಿದ್ದಾಗ ಆಕೆ ಒಂದು ಕರಾರು ಹಾಕಿದ್ದಳು.

“ಯಾರಾರ ಒಬ್ಬರು ನಿನ್ನ ಚಿತ್ರ ನೋಡಿ, ನೀ ಹೇಳಲಾರದ, ಇದು ಇಂಥಾದ್ದು ಅಂತ ಗುರುತು ಹಿಡೀಲಿ. ಹಿಡದ್ರ ಮುಂದಿನ ವರ್ಷಾನೂ ಹೋಗು. ಇಲ್ಲಂದ್ರ ಬಣ್ಣದ ಡಬ್ಬಿ ಅಟ್ಟಕ್ಕ.”

ಅತ್ತೆಯ ಮನಸ್ಸು ಕರಗಿಸಲು ಗಂಗಾಂಬಿಕಾ ಗುಟ್ಟಾಗಿ ಅತ್ತೆಯನ್ನೇ ಬರೆದಳು. ಚಳಿಗೆ ಕರಿ ಕಂಬಳಿಯನ್ನು ತಲೆತುಂಬ ಹೊದ್ದು, ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತ ನಾಗಲಿಂಗಮ್ಮ. ಚಿತ್ರದಲ್ಲಿ ಕಂಬಳಿಯ ಮಡಿಕೆ ಹಣೆಯ ಎರಡೂ ಕಡೆ ಸುರುಳಿ ಸುತ್ತಿಕೊಂಡಿತು. ಒಲೆಯ ಕಿಡಿ ಬಿದ್ದು ಸುಟ್ಟುಹೋಗಿದ್ದ ಎಡಗಡೆಯ ಚುಂಗು ಮೇಲಕ್ಕೆದ್ದು ನಿಂತಿತು. ಮೂಗು ಹೇಗೋ ಉದ್ದವಾಗಿ ಹೋಯಿತು. ಇದು ಯಾರ ಚಿತ್ರವೆಂದು ಗೊತ್ತಿದ್ದುದು ನನಗೆ ಮತ್ತು ಮೇಷ್ಟ್ರಿಗೆ ಮಾತ್ರ. ಯಾರಾದರೂ ಗುರುತು ಹಿಡಿದ ಕೂಡಲೇ ಅಂಟಿಸಬೇಕೆಂದು ‘ನಮ್ಮ ಅತ್ತೆ’ ಎಂದು ಬರೆದ ಚೀಟಿಯನ್ನು ಅವಳು ಬೆಳಗಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಮಧ್ಯಾಹ್ನವಾದರೂ ಚೀಟಿ ಮುಷ್ಟಿಯಲ್ಲೇ ಇತ್ತು. ಕಿರಾಣಿ ಅಂಗಡಿಯವರು ಹುಣಸೆ ಮರ ಅಂದರು. ಯಾರೋ ರೈಲಿನ ಎಂಜಿನ್ ಅಂದರು. ಒಬ್ಬನಂತೂ ಬದನೆಕಾಯಿ ಅಂದುಬಿಟ್ಟ. ನನ್ನದಕ್ಕೆ ಅನ್ನದವನು ಅವಳದಕ್ಕೆ ಅಂದನಲ್ಲ ಎಂದು ನನ್ನ ಹೊಟ್ಟೆ ಉರಿದುಹೋಯಿತು. ಗಂಗಾಂಬಿಕಾಳ ಕಣ್ಣಲ್ಲಿ ನೀರು ತುಂಬಿತ್ತು.

ಅಷ್ಟರಲ್ಲಿ ನಾಗಲಿಂಗಮ್ಮ ಬಂದಳು. ಅವಳ ಹಿಂದೆಯೇ, ಬಾಗಿಲಲ್ಲಿ ಕೊಡುತ್ತಿದ್ದ ಪಾನಕ ಕುಡಿಯಲು ಕುರಿ ಕಾಯುವ ಮೈಲಪ್ಪ ಒಳಗೆ ಬಂದ. ಲೋಟ ಬಾಯಿಗಿಟ್ಟವನ ಕಣ್ಣು ಗೋಡೆಯ ಮೇಲೆ ಹೋಯಿತು. ಲೋಟ ಕೈಜಾರಿತು.

“ಯಪ್ಪಾ! ನನ್ನ ಟಗರು!”

ಇಡೀ ಭವನ ತಿರುಗಿ ನೋಡಿತು.

“ಹ್ವಾದ ವರ್ಷ ಕಳದೋದ ಕರಿ ಟಗರು ಐತ್ರಿ ಇದು! ಕೊಂಬು ನೋಡ್ರಿ, ಅದಾ ಸುರುಳಿ! ಎಡಗಿವಿ ನೋಡ್ರಿ, ಗುರುತಿಗಂತ ನಾನಾ ಕೊಯ್ದಿದ್ದು! ಮೇವು ಹಾಕಿದ್ರೂ ಹಿಂಗಾ ಸಿಟ್ಟು ಮಾಡ್ಕೊಂಡು ಕುಂದ್ರತಿತ್ತು. ಎಲ್ಲಿ ಕಟ್ಟೀರಿ, ಹೇಳ್ರಿ!”

ಕುರಿ ಕಾಯುವವರು ಸಾವಿರ ಕುರಿಯ ನಡುವೆಯೂ ಕಿವಿಯ ಗುರುತು ನೋಡಿ ತಮ್ಮದನ್ನು ಎಳೆದು ತರುವ ಜನ. ಅವನ ಮಾತನ್ನು ಅಲ್ಲಗಳೆಯುವುದು ಯಾರಿಂದಾದೀತು? ಮೇಷ್ಟ್ರು ಕನ್ನಡಕ ತೆಗೆದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗಂಗಾಂಬಿಕಾಳ ಮುಖ ಸುಣ್ಣದಂತಾಯಿತು. ನಿಜ ಹೇಳಿದರೆ ಕರಾರು ಸೋತಂತೆ, ಮೇಲಾಗಿ ಅತ್ತೆಯನ್ನು ಟಗರು ಮಾಡಿದಂತೆ. ಸುಮ್ಮನಿದ್ದರೆ ಕಳ್ಳತನ ತಲೆಗೆ ಬರುತ್ತದೆ.

ನಾಗಲಿಂಗಮ್ಮ ಚಿತ್ರದ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು.

“ಅಲ್ಲೋ ಮೈಲಪ್ಪ, ನಾವು ಲಿಂಗ ಕಟ್ಟಿದೋರು, ನಿನ್ನ ಟಗರು ಒಯ್ದು ಏನು ಮಾಡೋಣ? ನಿನ್ನ ಹಿಂಡು ದಿನಾ ನಮ್ಮ ಮನಿ ಮುಂದ ಹೋಗ್ತಿತ್ತು. ನನ್ನ ಸೊಸಿ ಕಂಡಾಳ, ಕಂಡಂಗ ಬರದಾಳ. ಅದೂ ತಪ್ಪಾತೇನು?”

ಮೈಲಪ್ಪ ತಣ್ಣಗಾದ. “ಹಂಗಾರ ಖರೇನ ಬಿಡ್ರಿ. ಏನು ಕೈ ಐತವ್ವ ನಿಂದು!” ಎನ್ನುತ್ತ ಚಿತ್ರದ ಮೂಗು ಸವರಿ ಕಣ್ಣೊರೆಸಿಕೊಂಡ. ಮನೆಗೆ ಒಯ್ಯುತ್ತೇನೆಂದು ಕೇಳಿದ. ನಾಗಲಿಂಗಮ್ಮ ಸುತರಾಂ ಒಪ್ಪಲಿಲ್ಲ.

“ನಮ್ಮ ಪಡಸಾಲ್ಯಾಗ ಹಾಕ್ತೀನಿ. ಗಂಗಾ, ಮುಂದಿನ ವರ್ಷಾನೂ ಹೋಗು.”

ಗಂಗಾಂಬಿಕಾ ಮುಷ್ಟಿಯಲ್ಲಿದ್ದ ಚೀಟಿಯನ್ನು ಉಂಡೆ ಮಾಡಿ ಕಿಟಕಿಯಾಚೆ ಎಸೆದಳು. ನನ್ನ ಬದನೆಕಾಯಿಯನ್ನು ಅವತ್ತು ಯಾರೂ ಕೇಳಲಿಲ್ಲ.

ವಾರದ ಮೇಲೆ ರವಿಕೆ ಕೊಡಲು ಅವರ ಮನೆಗೆ ಹೋದೆ. ಪಡಸಾಲೆಯ ಗೋಡೆಯ ಮೇಲೆ ಚಿತ್ರ. ಅದರ ಕೆಳಗೇ, ಅದೇ ಕಂಬಳಿ ಹೊದ್ದು ನಾಗಲಿಂಗಮ್ಮ. ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ನಗು ತಡೆಯಲಾಗದೆ ಕುಡಿಯಲು ನೀರು ಕೇಳಿದೆ.

ಸೊಸೆ ನೀರಿಗೆ ಒಳಗೆ ಹೋದದ್ದನ್ನು ನೋಡಿಕೊಂಡು ನಾಗಲಿಂಗಮ್ಮ ನನ್ನ ಕಡೆ ಬಾಗಿದಳು. ಕಂಬಳಿಯ ಸುಟ್ಟ ಚುಂಗನ್ನು ಎತ್ತಿ ತೋರಿಸಿದಳು.

“ನಗಬ್ಯಾಡ. ನನ್ನ ಕಂಬಳಿ ನನಗ ಗುರುತು ಸಿಗಲ್ಲೇನು? ಆ ಹುಡುಗಿ ಅಳೋಹಂಗ ನಿಂತಿದ್ಲು. ಅಷ್ಟು ಮಂದಿ ಮುಂದ ನಾನಾದ್ರೂ ಏನಂತ ಹೇಳ್ಲಿ? ‘ಯಪ್ಪಾ ಮೈಲಪ್ಪ, ಅದು ಟಗರಲ್ಲ, ನಾನು’ ಅಂತ ಹೇಳ್ಲೇನು?”